ವಾರಗಿತ್ತಿಯ ರಿಜೆಕ್ಟ್ ಡಬ್ಬ

ಒಂದು ಮನೆಯ ದೊಡ್ಡ ಸೊಸೆ ಹನ್ನೊಂದು ವರ್ಷದಿಂದ ಕಾರ್ಖಾನೆಯ ಸಿಲಿಕೋನ್ ಮಷೀನಿನಲ್ಲಿ ಕುಕ್ಕರ್ ಗ್ಯಾಸ್ಕೆಟ್ ಮಾಡುತ್ತಿದ್ದಳು. ಸಿಲಿಕೋನ್ ಒಮ್ಮೆ ಬೆಂದು ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಕೆಟ್ಟಿದ್ದೆಲ್ಲ ರಿಜೆಕ್ಟ್ ಡಬ್ಬದಲ್ಲಿ ಕೂತು ಸಂಜೆ ಸೂಪರ್‌ವೈಸರನ ಕಣ್ಣಿಗೆ ಬೀಳುತ್ತಿತ್ತು. ಪಕ್ಕದ ಮಷೀನಿನಲ್ಲಿ ಅವಳ ವಾರಗಿತ್ತಿ, ಚಿಕ್ಕ ಸೊಸೆ, ಬ್ರಶ್ಶಿನ ಹಿಡಿಗೆ ಬಳಸುತ್ತಿದ್ದ ಟಿಪಿಇ ಎಂಬುದು ರಬ್ಬರಿನಂಥ ಪ್ಲಾಸ್ಟಿಕ್. ಅದು ಕೆಟ್ಟರೆ ಪುಡಿಮಾಡಿ ಮತ್ತೆ ಕರಗಿಸಬಹುದು.

“ಅವಳ ತಪ್ಪು ಕರಗಿಹೋಗುತ್ತೆ, ನನ್ನದು ಮಾತ್ರ ಊರಿಗೆಲ್ಲ ಕಾಣುತ್ತೆ,” ಎಂದು ದೊಡ್ಡವಳು ದಿನವೂ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಕೇಳಿ ಕೇಳಿ ಸಾಕಾದ ಸೂಪರ್‌ವೈಸರ್ ಒಂದು ದಿನ ಇಬ್ಬರ ಮಷೀನನ್ನೂ ಅದಲುಬದಲು ಮಾಡಿದ.

ಸಂಜೆ ತಾನು ಕೆಡಿಸಿದ ಹಿಡಿಗಳನ್ನೆಲ್ಲ ಪುಡಿಮಾಡುವ ಮಷೀನಿಗೆ ಸುರಿದು, ವಾರಗಿತ್ತಿಯ ಡಬ್ಬ ಎಷ್ಟು ತುಂಬಿದೆ ನೋಡೋಣವೆಂದು ದೊಡ್ಡವಳು ಬಗ್ಗಿದಳು. ತಳದಲ್ಲಿ ಒಂದೇ ಒಂದು ಗ್ಯಾಸ್ಕೆಟ್ ಬಿದ್ದಿತ್ತು.

“ಅದಾ ಅಕ್ಕ? ಬೆಳಿಗ್ಗೆ ಹೇಗೆ ಮಾಡ್ಬೇಕು ಅಂತ ನೀವೇ ಒಂದು ಮಾಡಿ ತೋರಿಸಿಕೊಟ್ರಲ್ಲ, ಅದು,” ಎಂದಳು ವಾರಗಿತ್ತಿ.