ದೇವರ ದೀಪದ ತಂತಿ

ನನಗಾಗ ಇಪ್ಪತ್ತನಾಲ್ಕು. ಅರವತ್ತು ವರ್ಷದ ಹಿಂದಿನ ಮಾತು. ಹೊಳೆನರಸೀಪುರದ ನಮ್ಮ ಮನೆ ಮುಂದೆ ನಿಂತಿದ್ದ ಲಾರಿಯೊಳಗೆ ದೇವರ ಪಟದ ಕೆಂಪು ದೀಪದ ತಂತಿ ಹಿಡಿದು ನಾನು ಗಂಡನಿಗೆ, “ಮೀಟ್ರು ತಂತೀನ ಇದುಕ್ಕೇ ಸೇರ್ಸಿ” ಅಂದೆ.

“ದ್ಯಾವ್ರ ದೀಪಕ್ಕೆ ಕೈ ಆಕ್ತೀಯಲ್ಲೇ, ತಲೆ ನೆಟ್ಟಗೈತಾ?” ಅಂತ ಅವರು ಎಗರಿದರು.

ಇಂಜಿನ್ ಬಿಸಿ ತೋರಿಸುವ ಮೀಟರೊಂದನ್ನು ಅವರು ಹಾಸನದಿಂದ ತಂದು ನೇರ ಬ್ಯಾಟರಿಗೇ ಕಟ್ಟಿದ್ದರು. ಲಾರಿ ನಿಲ್ಲಿಸಿದರೂ ಅದು ಕರೆಂಟು ಕುಡಿಯುತ್ತಲೇ ಇರುತ್ತಿತ್ತು. ಬೆಳಿಗ್ಗೆ ನೋಡಿದರೆ ಬ್ಯಾಟರಿ ಸತ್ತಿರುತ್ತಿತ್ತು, ಬೀದಿಯವರೆಲ್ಲ ಬಂದು ಲಾರಿ ತಳ್ಳಬೇಕಿತ್ತು. ಮೀಟರ್ ಬಿಚ್ಚಿದರೆ ಏರಿನಲ್ಲಿ ಇಂಜಿನ್ ಕುದಿಯುವುದು ಗೊತ್ತಾಗುತ್ತಿರಲಿಲ್ಲ. ನಾಳೆಯೂ ತಡವಾದರೆ ಬೇರೆ ಲಾರಿ ಹಿಡಿಯುತ್ತೇನೆಂದು ಅರಕಲಗೂಡಿನ ಆಲೂಗಡ್ಡೆ ಸಾಹುಕಾರರು ಹೇಳಿಬಿಟ್ಟಿದ್ದರು. ನಮ್ಮ ಲಾರಿಗಿದ್ದದ್ದು ಅದೊಂದೇ ಬಾಡಿಗೆ.

ಕೀ ತಿರುಗಿಸಿದಾಗ ಮಾತ್ರ ಕರೆಂಟು ಬರುವ ತಂತಿ ಬೇಕೆಂದು ನನ್ನ ಗಂಡ ಮಧ್ಯಾಹ್ನದಿಂದ ಹುಡುಕುತ್ತಿದ್ದರು. ದಿನಾ ಪಟ ಒರೆಸುವವಳು ನಾನು. ಕೀ ತೆಗೆದ ಕೂಡಲೇ ದೇವರ ದೀಪ ಆರುವುದನ್ನು ನೋಡಿದ್ದೆ.

“ಇಂಜನ್ನು ಕುದ್ದಾಗ ದ್ಯಾವ್ರು ಬಂದು ಬೀಸಣಿಗೆ ಬೀಸ್ತಾನಾ? ಸುಮ್ನೆ ಸೇರ್ಸಿ” ಅಂದೆ.

ಅವರು ಕೆನ್ನೆ ಬಡಿದುಕೊಂಡು, ಕೈಮುಗಿದು ಸೇರಿಸಿದರು. ಕೀ ತಿರುಗಿಸಿದರೆ ಮೀಟರಿನ ಮುಳ್ಳು ಎದ್ದಿತು, ತೆಗೆದರೆ ಮಲಗಿತು.

ಅಂದಿನಿಂದ ಲಾರಿ ಕೆಟ್ಟರೆ ಮೊದಲು ನನ್ನನ್ನೇ ಕೂಗುತ್ತಿದ್ದರು. ಅವತ್ತಿನ ಮಾರನೆಯ ಬೆಳಿಗ್ಗೆ ಲಾರಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರ ಪಕ್ಕ ಹತ್ತಿ ಕೂತೆ. ಅರಕಲಗೂಡು ಬರುವವರೆಗೂ ಮುಳ್ಳನ್ನೇ ನೋಡಿಕೊಂಡು ಹೋದೆ.