ಅರೆಯುವ ಕೈಗೂ ಪಥ್ಯ

ಮನೆ ಮುಲುಂಡಿನಲ್ಲಿ, ಆಫೀಸು ಚೆಂಬೂರಿನಲ್ಲಿ. ನಡುವೆ ಕುರ್ಲಾದಲ್ಲಿ ಇಳಿದು ಇನ್ನೊಂದು ಲೋಕಲ್ ರೈಲು ಹಿಡಿಯಬೇಕಿತ್ತು. ನಿವೃತ್ತನಾದ ಮೇಲೆ ನನಗೆ ನೆನಪಾಗುವುದು ಆಫೀಸಲ್ಲ, ಕುರ್ಲಾ ಪ್ಲಾಟ್‌ಫಾರ್ಮಿನ ವಡಾ ಪಾವ್. ದಿನಾ ಸಂಜೆ ಎರಡು, ಜೊತೆಗೆ ಉಪ್ಪು ಸವರಿದ ಕರಿದ ಮೆಣಸಿನಕಾಯಿ. ಆ ಎಣ್ಣೆಯ ವಾಸನೆ ನೆನೆದರೆ ಇವತ್ತಿಗೂ ಬಾಯಲ್ಲಿ ನೀರೂರುತ್ತದೆ, ಸುಳ್ಳು ಯಾಕೆ ಹೇಳಲಿ.

ಉಪ್ಪು ತಿಂದವನು ನೀರು ಕುಡಿಯಲೇಬೇಕಲ್ಲ. ನೌಕರಿಯ ಕೊನೆಯ ವರ್ಷಗಳಲ್ಲಿ ಹೊಟ್ಟೆಯ ಬಲಗಡೆ ಭಾರವೆನಿಸಿ ಸೋನೋಗ್ರಫಿ ಮಾಡಿಸಿದೆ. ಲಿವರಿನಲ್ಲಿ ಕೊಬ್ಬು ತುಂಬಿತ್ತು. ಜನ್ಮದಲ್ಲಿ ಒಂದು ತೊಟ್ಟು ಕುಡಿಯದವನಿಗೆ ಇದೆಂಥ ಅನ್ಯಾಯ ಎಂದು ಡಾಕ್ಟರ ಹತ್ತಿರ ವಾದಕ್ಕಿಳಿದೆ. ಕರಿದದ್ದು, ಸಿಹಿ ಎಲ್ಲ ಬಿಡಿ, ನಡೆಯಿರಿ, ಮೂರು ತಿಂಗಳು ಬಿಟ್ಟು ಬನ್ನಿ, ಹೀಗೇ ಮುಂದುವರಿದರೆ ಲಿವರ್ ಕೆಲಸ ನಿಲ್ಲಿಸುತ್ತದೆ ಎಂದರು ಅವರು. ನೆಲನೆಲ್ಲಿ ರಸ ಕೊಡಬಹುದೇ ಎಂದು ಹೆಂಡತಿ ಕೇಳಿದಳು. ಸೊಪ್ಪಿನ ವಿಷಯ ತಾನು ಹೇಳಲಾರೆ, ವಡೆಯ ವಿಷಯ ಮಾತ್ರ ಖಂಡಿತವಾಗಿ ಹೇಳಬಲ್ಲೆ ಎಂದು ನಕ್ಕರು.

ಅವಳದು ಮಂಡ್ಯದ ಕಡೆ. ಅವಳ ಅಪ್ಪ ಊರಿನಲ್ಲಿ ಕಾಮಾಲೆಗೆ ಮದ್ದು ಕೊಡುತ್ತಿದ್ದವರು. ಆ ಮನೆಯಲ್ಲೊಂದು ಕಟ್ಟುನಿಟ್ಟು: ಮದ್ದು ಕುಡಿಯುವವನಿಗೆ ಯಾವ ಪಥ್ಯವೋ, ಅರೆಯುವವರಿಗೂ ಅದೇ ಪಥ್ಯ.

"ನಿನಗ್ಯಾಕೆ ಈ ಶಿಕ್ಷೆ?" ಎಂದೆ.

"ಇಲ್ದಿದ್ರೆ ಮದ್ದು ಹತ್ತಲ್ಲ ಕಣ್ರೀ," ಎಂದಳು.

ಮಳೆಗಾಲ ಆಗಷ್ಟೇ ಹಿಡಿದಿತ್ತು. ಬಿಲ್ಡಿಂಗಿನ ಹೂಕುಂಡಗಳಲ್ಲಿ ನೆಲನೆಲ್ಲಿ ತಾನಾಗಿ ಹುಟ್ಟಿತ್ತು, ಎಲೆಯ ಕೆಳಗೆ ಸಾಲಾಗಿ ಸಾಸಿವೆಯಂಥ ಕಾಯಿ. ಬೆಳಿಗ್ಗೆ ಎದ್ದು ಕಿತ್ತು ತಂದು, ಮೂರು ನೀರಿನಲ್ಲಿ ತೊಳೆದು, ಕಲ್ಲಿನಲ್ಲಿ ಅರೆದು, ಮಜ್ಜಿಗೆಯಲ್ಲಿ ಕದಡಿ ಕೊಡುತ್ತಿದ್ದಳು. ಒಂದೇ ಗುಟುಕಿಗೆ ನುಂಗಿ ಮುಖ ಕಿವುಚುತ್ತಿದ್ದೆ. ಆಮೇಲೆ ಇಬ್ಬರಿಗೂ ಉಪ್ಪು, ಹುಳಿ, ಎಣ್ಣೆ ಇಲ್ಲದ ಊಟ.

ಬೆಳಿಗ್ಗೆ ಅಷ್ಟು ಕಹಿ ಕುಡಿದವನಿಗೆ ಸಂಜೆ ಒಂದು ವಡಾ ತಿನ್ನುವ ಹಕ್ಕಿಲ್ಲವೇ ಎಂದು ನನ್ನ ವಾದ. ಎರಡಿದ್ದದ್ದನ್ನು ಒಂದಕ್ಕೆ ಇಳಿಸಿದ್ದೆ, ಅದನ್ನೇ ದೊಡ್ಡ ತ್ಯಾಗವೆಂದುಕೊಂಡಿದ್ದೆ. ಮುಲುಂಡ್ ಬರುವಷ್ಟರಲ್ಲಿ ಸೋಂಪು ಅಗಿದು ಬಾಯಿಯ ವಾಸನೆ ಹೋಗಲಾಡಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಅವಳು ಸಪ್ಪೆ ಅನ್ನಕ್ಕೆ ಬೇಳೆಕಟ್ಟು ಹಾಕಿಕೊಂಡು ನನಗಾಗಿ ಕಾಯುತ್ತಿರುತ್ತಿದ್ದಳು. ಕಾಯಿಲೆ ಯಾರಿಗೆ ಎಂದು ಅಕ್ಕಪಕ್ಕದವರು ಕೇಳುವಷ್ಟು ಇಳಿದುಹೋಗಿದ್ದಳು. ನಾಚಿಕೆಯಾಗುತ್ತಿತ್ತು. ನಾಳೆಯಿಂದ ಬಿಡೋಣ ಅಂದುಕೊಳ್ಳುತ್ತಿದ್ದೆ.

ಮೂರು ತಿಂಗಳಾದ ಮೇಲೆ ರಿಪೋರ್ಟ್ ಬಂತು. ಕೊಬ್ಬು ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

ಮನೆಗೆ ಬಂದು ಅವಳು ಚಪ್ಪಲಿ ಬಿಟ್ಟವಳೇ ಅಡಿಗೆಮನೆಯಲ್ಲಿ ಕೂತುಬಿಟ್ಟಳು. ಅಳುತ್ತಿದ್ದಳು.

"ತಪ್ಪು ನನ್ದೇ ಕಣ್ರೀ. ಹೋದ ತಿಂಗಳು ಪಕ್ಕದ್ಮನೆಯವ್ರು ಉಪ್ಪಿನಕಾಯಿ ಕೊಟ್ಟಿದ್ರು. ಬಾಟ್ಲಿಗೆ ತುಂಬೋವಾಗ ಬೆರಳಿಗೆ ಹತ್ಕೊಂಡಿದ್ದನ್ನ ನೆಕ್ಬಿಟ್ಟೆ. ಅದಕ್ಕೇ ನಿಮಗೆ ಮದ್ದು ಹತ್ತಲಿಲ್ಲ. ಹೇಳೋಕೆ ಹೆದ್ರಿಕೆ ಆಯ್ತು."

ಸುಮ್ಮನಿದ್ದರೆ ಜೀವಮಾನವಿಡೀ ಆ ಪಾಪ ಅವಳ ತಲೆಯ ಮೇಲೇ ಇರುತ್ತಿತ್ತು. ಹೇಳಿಬಿಟ್ಟೆ. ಕುರ್ಲಾ, ವಡಾ, ಸೋಂಪು, ಒಂದನ್ನೂ ಬಿಡದೆ ಹೇಳಿದೆ.

ಅವಳು ಬೈಯಲಿಲ್ಲ. ಕಣ್ಣೊರೆಸಿಕೊಂಡು ಎದ್ದು ತಟ್ಟೆಗೆ ಅನ್ನ ಹಾಕಿಕೊಂಡಳು. ಉಪ್ಪು, ತುಪ್ಪ, ಉಪ್ಪಿನಕಾಯಿ ಕಲೆಸಿ, ನನ್ನೆದುರೇ ಕೂತು ನಿಧಾನವಾಗಿ ಹೊಟ್ಟೆ ತುಂಬ ಊಟ ಮಾಡಿದಳು.

"ನಿಮ್ಮ ಪಥ್ಯ ಇನ್ಮೇಲೆ ನೀವೇ ಮಾಡ್ಕೊಳ್ಳಿ," ಎಂದು ಕೈ ತೊಳೆಯಲು ಹೋದಳು.

ಮಾಡಿಕೊಂಡೆ. ಕರಿದದ್ದು ಬಿಟ್ಟೆ, ನಡೆದೆ, ಲಿವರ್ ನಿಧಾನಕ್ಕೆ ದಾರಿಗೆ ಬಂತು. ಈಗಲೂ ಮಳೆಗಾಲದಲ್ಲಿ ಹೂಕುಂಡಗಳಲ್ಲಿ ನೆಲನೆಲ್ಲಿ ಹುಟ್ಟುತ್ತದೆ, ಅವಳು ಅದನ್ನು ಕಳೆಯೆಂದು ಕಿತ್ತು ಎಸೆಯುತ್ತಾಳೆ. ಒಮ್ಮೆ ಅರೆದು ಕೊಡು ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.