ದುಪಟ್ಟಾದ ಉಡಿ

ಇವತ್ತು ಬೆಳಿಗ್ಗೆ ಅವ್ವ ಬಾಚಣಿಗೆ ಕೇಳಿದಳು. ಹುಡುಕಲು ಹಳೆಯ ಬ್ಯಾಗನ್ನು ಮಗುಚಿದೆ ನೋಡಿ, ಕಸಕಡ್ಡಿಯ ಜೊತೆ ಒಂದು ಉತ್ತತ್ತಿಯೂ ಉರುಳಿತು. ಒಣಗಿ ಕಟ್ಟಿಗೆಯ ಚೂರಿನಂತಾಗಿತ್ತು, ಮೂಸಿದರೆ ಇನ್ನೂ ಅರಿಸಿನದ ವಾಸನೆ. ಬಾಚಣಿಗೆ ಮರೆತು ಅಲ್ಲೇ ಕುಳಿತೆ.

ನಾವು ಬಾಗಲಕೋಟೆ ಕಡೆಯವರು. ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಗೊರಗುಂಟೆಪಾಳ್ಯದ ಮಹಡಿ ಮನೆಗೆ ಬಂದಾಗ ನಾನಿನ್ನೂ ಅವ್ವನ ಸೊಂಟದ ಮೇಲಿದ್ದೆನಂತೆ. ಊರು ಬಿಟ್ಟರೂ ಅವ್ವ ಊರಿನ ಕಟ್ಟಳೆ ಬಿಡಲಿಲ್ಲ. ಹೊರಗೆ ಲಾರಿಗಳ ಗದ್ದಲ, ಒಳಗೆ ರೊಟ್ಟಿ ಬಡಿಯುವ ಸದ್ದು. ತಮ್ಮ ಆಡಿ ಬಂದರೆ ನೀರು ಕೊಡುವುದು ನಾನು, ಅವನು ಉಂಡ ತಟ್ಟೆ ಎತ್ತುವುದೂ ನಾನೇ. ಯಾಕೆಂದು ಕೇಳಿದರೆ ಅವ್ವನದು ಒಂದೇ ಉತ್ತರ: "ನೀ ಕೊಟ್ಟ ಮನೀಗೆ ಹೋಗಾಕಿ." ಆ ಕೊಟ್ಟ ಮನೆ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿನವರಿಗೆ ನನ್ನ ದಪ್ಪ ರೊಟ್ಟಿ ಸೇರುವುದಿಲ್ಲವೆಂಬುದು ಮಾತ್ರ ಅವಳಿಗೆ ಆಗಲೇ ಗೊತ್ತಿತ್ತು. ನನ್ನ ರೊಟ್ಟಿ ಇಂದಿಗೂ ದುಂಡಗಾಗಿಲ್ಲ, ಬಿಡಿ.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ನಮ್ಮ ಕಡೆಯ ವಾಡಿಕೆ. ಅಲ್ಲಿ ಅವ್ವ ಬೇರೆಯೇ ಹೆಂಗಸು, ಮಧ್ಯಾಹ್ನ ಕಾಲು ಚಾಚಿ ಮಲಗುತ್ತಿದ್ದಳು. ಹೊರಡುವ ದಿನ ಅಜ್ಜಿ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನದ ಕೊಂಬು ಹಾಕಿ ಉಡಿ ತುಂಬುತ್ತಿದ್ದಳು. ಗಂಡನ ಮನೆಗೆ ಹೊರಟ ಮಗಳಿಗೆ ತವರಿನ ಹಾರೈಕೆ ಅದು. ಹೊಸ್ತಿಲಲ್ಲಿ ಅವ್ವ ಪ್ರತಿ ಸಲವೂ, "ಪಂಚಮಿಗೆ ಬರತೇನಿ" ಎನ್ನುತ್ತಿದ್ದಳು. ಅಜ್ಜಿ ತೀರಿಕೊಂಡಳು, ಆ ಮನೆಯೂ ಮಾರಿಹೋಯಿತು. ಆಮೇಲೆ ಅವ್ವ ಪಂಚಮಿಗೆ ಎಲ್ಲಿಗೂ ಹೋಗಲಿಲ್ಲ. ನಾವೂ ಕೇಳಲಿಲ್ಲ.

ಮದುವೆಯಾಗದ ನಾನು ಕೆಲಸಕ್ಕೆ ಹತ್ತಿರವೆಂದು ತಣಿಸಂದ್ರದಲ್ಲಿ ಒಬ್ಬಳೇ ಮನೆ ಹಿಡಿದಾಗ ಅಪ್ಪ ಪೇಪರಿನಿಂದ ಮುಖ ಎತ್ತಲಿಲ್ಲ. ಕೆಳಗಿನ ಓನರ್ ಆಂಟಿ ಅವ್ವನನ್ನು ಮೆಟ್ಟಿಲಲ್ಲಿ ನಿಲ್ಲಿಸಿ, "ಏನ್ರೀ, ಮದ್ವೆ ಮಾಡ್ದೇನೇ ಕಳಿಸ್ತಿದ್ದೀರಾ?" ಎಂದರಂತೆ. ಅವ್ವ ನನ್ನೊಡನೆ ಮಾತು ಬಿಟ್ಟಳು. ನಾನು ಹೋಗುವವಳೇ. ಆದರೆ ಅವಳು ಹೀಗೆ ಮುನಿಸಿಕೊಂಡಿರುವಾಗ ಹೋದರೆ ಮತ್ತೆ ಆ ಮನೆಗೆ ಯಾವ ಮುಖ ಹೊತ್ತು ಬರಲಿ ಎಂದು ಹೆದರಿದ್ದೆ.

ಆಟೋ ಬಂದು ನಿಂತಾಗ ಅವ್ವ ಮೊರ ಹಿಡಿದು ಹೊರಬಂದಳು. ನಾನು ತೊಟ್ಟದ್ದು ಜೀನ್ಸ್, ಸೆರಗೆಲ್ಲಿಂದ ತರಲಿ? ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಾಮಾನಿನ ಮೇಲಿದ್ದ ದುಪಟ್ಟಾ ಎಳೆದು ಸೊಂಟಕ್ಕೆ ಕಟ್ಟಿ, ಅದರ ತುದಿಯನ್ನು ನನ್ನ ಕೈಗಿತ್ತಳು.

"ಮದುವಿ ಆಗದಾಕಿಗೆ ಉಡಿ ತುಂಬತಾರೇನ ಅವ್ವಾ?"

"ನನ್ನ ಮಗಳು ಬರಿ ಉಡೀಲೆ ಹೋಗಬಾರದು" ಎಂದು ಅಕ್ಕಿ, ಉತ್ತತ್ತಿ, ಅರಿಸಿನದ ಕೊಂಬು ಸುರಿದಳು. ಎಲ್ಲವನ್ನೂ ಬ್ಯಾಗಿಗೆ ತುರುಕಿಕೊಂಡು ಆಟೋದಲ್ಲಿ ಹೆಬ್ಬಾಳದವರೆಗೂ ಅತ್ತೆ.

ಇವತ್ತು ಹೊರಟಿರುವವಳು ಅವ್ವ. ನನ್ನ ಮನೆಯಲ್ಲಿ ಕೆಲವು ದಿನ ಇದ್ದಳು, ಮಧ್ಯಾಹ್ನ ಕಾಲು ಚಾಚಿ ಮಲಗಿದಳು. ಕರೆದೊಯ್ಯಲು ಬಂದ ತಮ್ಮ ಕೆಳಗೆ ಹಾರ್ನ್ ಹೊಡೆಯುತ್ತಿದ್ದ. ನಾನು ಡಬ್ಬಿಯಿಂದ ಅಕ್ಕಿ ತೆಗೆದೆ. ಕೊಬ್ಬರಿ ಇರಲಿಲ್ಲ, ಫ್ರಿಜ್ಜಿನಲ್ಲಿದ್ದ ಸೇಬು ಇಟ್ಟೆ. ಮೇಲೆ ಆ ಹಳೆಯ ಉತ್ತತ್ತಿ. ಸೆರಗು ಹಿಡಿ ಎಂದೆ.

ಮಗಳು ತಾಯಿಗೆ ತುಂಬುವ ಪದ್ಧತಿ ಎಲ್ಲಿಯಾದರೂ ಉಂಟೇ ಎಂದು ಗೊಣಗಿದಳು. ಗೊಣಗುತ್ತಲೇ ಸೆರಗು ಒಡ್ಡಿದಳು. ಎಲ್ಲವನ್ನೂ ಅದಕ್ಕೆ ಸುರಿದೆ. ಗಂಟು ಬಿಗಿದು ಬಾಗಿಲವರೆಗೆ ಹೋದವಳು ಹೊಸ್ತಿಲಲ್ಲಿ ತಿರುಗಿ ನಿಂತಳು.

"ಪಂಚಮಿಗೆ ಬರತೇನಿ" ಎಂದಳು.